ರೀಸೈಕಲ್ ಬಿನ್ನೂ ನಮ್ಮೂರ ತಿಪ್ಪೆಯೂ

ಕಂಪ್ಯೂಟರ್ ಸೈನ್ಸ್ ಸೇರಿದ ದಿನದಿಂದ ನಾನು ಊರಲ್ಲಿ ಎಲ್ಲದಕ್ಕೂ ರಿಪೇರಿಯವನು. ಕೊಟ್ಟೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಮನೆ ಮುಟ್ಟೋದ್ರೊಳಗೆ ಎರಡು ಮೊಬೈಲಾದರೂ ಕೈಗೆ ಬಂದಿರುತ್ತವೆ. ಹೋದ ಯುಗಾದಿಗೆ ಊರಿಗೆ ಹೋದಾಗ ಮನೆಯಲ್ಲಿ ಸುಣ್ಣ ಬಳಿಯೋ ಕೆಲಸ ನಡೆದಿತ್ತು. ಅವ್ವ ಹಳೇ ಸಾಮಾನೆಲ್ಲ ಅಂಗಳಕ್ಕೆ ತಂದು ಹಾಕಿದ್ದಳು. ಅದರ ನಡುವೆ ಕೂತು ದೊಡ್ಡಪ್ಪನ ಲ್ಯಾಪ್‌ಟಾಪ್ ನೋಡುತ್ತಿದ್ದೆ. ಸಿ ಡ್ರೈವ್ ತುಂಬಿ ಕೆಂಪಗಾಗಿತ್ತು. ದೊಡ್ಡಪ್ಪ ಕೇಳಿದರು:

"ತಮ್ಮಾ, ಬ್ಯಾಡಾಗಿದ್ದೆಲ್ಲ ನಾನು ರೀಸೈಕಲ್ ಬಿನ್ನಿಗೆ ಹಾಕೇನಿ. ಆದ್ರೂ ಜಾಗ ಯಾಕ ಇಲ್ಲ? ಇದು ಗುಜರೀನೋ, ತಿಪ್ಪೀನೋ?"

ನಗು ಬಂತು. ಆಮೇಲೆ ಅನ್ನಿಸಿತು, ಇದಕ್ಕಿಂತ ಒಳ್ಳೇ ಪ್ರಶ್ನೆಯನ್ನು ನಮ್ಮ ಲ್ಯಾಬಿನಲ್ಲೂ ಯಾರೂ ಕೇಳಿಲ್ಲ. ಮನೆಯ ಕಸದ ಬಗ್ಗೆ, ಕಂಪ್ಯೂಟರಿನ ಕಸದ ಬಗ್ಗೆ ನಮ್ಮ ಕಡೆ ಜನ ಕೇಳೋ ಪ್ರಶ್ನೆಗಳು ಬೇರೆ ಬೇರೆ ಅನ್ನಿಸಿದರೂ ಅವುಗಳ ಬುಡ ಒಂದೇ: ಬಿಸಾಕಿದ್ದು ಎಲ್ಲಿಗೆ ಹೋಗುತ್ತೆ?

ಗುಜರಿಯೂ ಅಲ್ಲ, ತಿಪ್ಪೆಯೂ ಅಲ್ಲ

ದೊಡ್ಡಪ್ಪನಿಗೆ ನಾನು ಹೇಳಿದ ಉತ್ತರ ಇಷ್ಟು: "ಇದು ಅಟ್ಟ ದೊಡ್ಡಪ್ಪ." ಬೇಡವಾದದ್ದನ್ನು ಅಟ್ಟಕ್ಕೆ ಹಾಕಿದರೆ ಕಣ್ಣಿಗೆ ಕಾಣಲ್ಲ, ಆದರೆ ಮನೆಯಲ್ಲೇ ಇರುತ್ತೆ. ಫೈಲನ್ನು ಡಿಲೀಟ್ ಮಾಡಿದಾಗ ವಿಂಡೋಸ್ ಅದಕ್ಕೆ ಬೇರೆ ಹೆಸರು ಕೊಟ್ಟು ಅದೇ ಡಿಸ್ಕಿನ ಒಂದು ಗುಪ್ತ ಫೋಲ್ಡರಿಗೆ ಸೇರಿಸುತ್ತೆ. ಮೊದಲು ಎಲ್ಲಿತ್ತು, ಹೆಸರೇನು, ಯಾವಾಗ ಡಿಲೀಟ್ ಆಯಿತು ಅಂತ ಬರೆದ ಒಂದು ಚೀಟಿಯನ್ನೂ ಜೊತೆಗಿಡುತ್ತೆ. ರೀಸ್ಟೋರ್ ಒತ್ತಿದರೆ ಆ ಚೀಟಿ ನೋಡಿ ವಾಪಸ್ ತಂದಿಡುತ್ತೆ. ಬಿನ್ ಖಾಲಿ ಮಾಡೋವರೆಗೂ ಒಂದು ಎಂಬಿ ಜಾಗವೂ ಬಿಡುಗಡೆ ಆಗಲ್ಲ.

ಇಲ್ಲಿ ರೀಸೈಕಲ್ ಆಗೋದು ಏನೂ ಇಲ್ಲ. 1983ರಲ್ಲಿ ಬಂದ ಆಪಲ್‌ನ ಲೀಸಾ ಕಂಪ್ಯೂಟರಿನಲ್ಲಿ ಇದಕ್ಕೆ ಕಸದ ಬುಟ್ಟಿ ಅಂತಲೇ ಹೆಸರಿತ್ತು. ವಿಂಡೋಸ್ 95ರಲ್ಲಿ ಮೈಕ್ರೋಸಾಫ್ಟ್ ರೀಸೈಕಲ್ ಬಿನ್ ಅಂತ ಹೆಸರಿಟ್ಟು, ಒಂದರ ಹಿಂದೆ ಒಂದು ಓಡೋ ಬಾಣಗಳ ಗುರುತು ಅಂಟಿಸಿತು. ಆ ಗುರುತನ್ನು 1970ರಲ್ಲಿ ಬಿಡಿಸಿದವನು ನಮ್ಮ ಹಾಗೇ ಕಾಲೇಜು ಹುಡುಗ. ಅಮೆರಿಕದ ಗ್ಯಾರಿ ಆಂಡರ್ಸನ್, ವಯಸ್ಸು 23. ಒಂದು ರಟ್ಟಿನ ಪೆಟ್ಟಿಗೆ ಕಂಪನಿ ಇಟ್ಟ ಸ್ಪರ್ಧೆಗೆ ಬಿಡಿಸಿದ್ದು. ಇವತ್ತು ನೀರಿನ ಬಾಟಲಿಯಿಂದ ಡೆಸ್ಕ್‌ಟಾಪಿನವರೆಗೆ ಎಲ್ಲ ಕಡೆ ಅದೇ ಬಾಣ. ಬಾಟಲಿ ತಳದಲ್ಲಿ ತ್ರಿಕೋನ ಇದೆ ಅಂದ್ರೆ ಅದು ರೀಸೈಕಲ್ ಆಗೇ ಆಗುತ್ತೆ ಅಂತ ಅರ್ಥ ಅಲ್ಲ. ಒಳಗಿರೋ ಸಂಖ್ಯೆ ಅದು ಯಾವ ಜಾತಿ ಪ್ಲಾಸ್ಟಿಕ್ ಅಂತ ಹೇಳುತ್ತೆ, ಅಷ್ಟೇ. 1 ಇದ್ದರೆ ನೀರಿನ ಬಾಟಲಿಯ ಪೆಟ್, 2 ಇದ್ದರೆ ಶಾಂಪೂ ಡಬ್ಬಿಯಂಥ ಗಟ್ಟಿ ಪ್ಲಾಸ್ಟಿಕ್, 5 ಇದ್ದರೆ ಊಟದ ಡಬ್ಬಿಯ ಜಾತಿ.

ನಮಗೆ ಈ ಬಾಣ ಹೊಸದಿರಬಹುದು, ವಿಷಯ ಹೊಸದಲ್ಲ. ಹಳೇ ಸೀರೆ ಕೌದಿ ಆಗೋದು ಮರುಬಳಕೆ. ಸಗಣಿ, ಬೂದಿ, ಕಸಕಡ್ಡಿ ತಿಪ್ಪೆಯಲ್ಲಿ ಕೊಳೆತು ಮುಂಗಾರಿಗೆ ಮುಂಚೆ ಹೊಲಕ್ಕೆ ಹೋಗಿ ಜೋಳವಾಗಿ ಮನೆಗೆ ಬರೋದು ನಿಜವಾದ ರೀಸೈಕಲ್. ರೀಸ್ಟೋರ್ ಕೂಡ ನಮ್ಮಲ್ಲಿತ್ತು! ಕೂಡ್ಲಿಗಿ ಕಡೆ ತಿಪ್ಪೇಸ್ವಾಮಿ, ತಿಪ್ಪಣ್ಣ, ತಿಪ್ಪಮ್ಮ ಇಲ್ಲದ ಕ್ಲಾಸ್‌ರೂಮೇ ಇಲ್ಲ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗೆ ಹರಕೆ ಹೊತ್ತು ಇಟ್ಟ ಹೆಸರುಗಳು ಬಹಳ. ಅದಲ್ಲದೆ, ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆ ಮೇಲೆ ಮಲಗಿಸಿ, ಬಿಸಾಕಿದ ಕೂಸು ಅಂತ ಹೇಳಿ ಮತ್ತೆ ಎತ್ತಿಕೊಂಡು ಬರುವ ಪದ್ಧತಿಯೂ ಹಿಂದೆ ಇತ್ತು. ಇನ್ನು ಹರಪನಹಳ್ಳಿ ಗೆಳೆಯರನ್ನು ನಾವು ಹಾಸ್ಟೆಲಿನಲ್ಲಿ ರೇಗಿಸೋದು ಇದೇ ಬಟನ್ ಹೆಸರಲ್ಲಿ. ಬಳ್ಳಾರಿಯಲ್ಲಿದ್ದ ತಾಲ್ಲೂಕನ್ನು 1997ರಲ್ಲಿ ದಾವಣಗೆರೆಗೆ ಹಾಕಿದರು, ಮತ್ತೆ ಬಳ್ಳಾರಿಗೆ ತಂದರು, 2021ರಲ್ಲಿ ನಮ್ಮೆಲ್ಲರ ಜೊತೆ ವಿಜಯನಗರ ಜಿಲ್ಲೆಗೆ ಬಂತು. ಎಷ್ಟು ಸಲ ಕಟ್, ಎಷ್ಟು ಸಲ ಪೇಸ್ಟ್!

"ಖಾಲಿ ಮಾಡಿದ ಮ್ಯಾಲೆ ಹೋದಂಗ ಅಲ್ಲೇನು?"

ನಗು ಇಲ್ಲಿಗೆ ಸಾಕು. ಈ ಪ್ರಶ್ನೆಗೆ ನಾನು ಒಂದು ಸಲ ತಪ್ಪು ಉತ್ತರ ಕೊಟ್ಟಿದ್ದೇನೆ.

ದೊಡ್ಡಪ್ಪನ ಗೊಬ್ಬರದಂಗಡಿಯಲ್ಲಿ ಹಳೇ ಡೆಸ್ಕ್‌ಟಾಪ್ ಒಂದಿತ್ತು. ನಾನು ಪಿಯುಸಿಯಲ್ಲಿದ್ದಾಗ ಅದನ್ನು ಗುಜರಿಗೆ ಹಾಕಿದರು. ಹಾಕೋ ಮುಂಚೆ ನನ್ನನ್ನು ಕರೆದು, "ಒಳಗಿಂದೆಲ್ಲ ತಗದುಬಿಡು" ಅಂದರು. ನಾನು ಎಲ್ಲ ಫೋಲ್ಡರ್ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿ, ಬಿನ್ ಖಾಲಿ ಮಾಡಿ, "ಏನೂ ಇಲ್ಲ ದೊಡ್ಡಪ್ಪ, ಎಲ್ಲ ಕ್ಲೀನು" ಅಂದೆ. ಅದರೊಳಗೆ ಉದ್ರಿ ತಗೊಂಡ ರೈತರ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಸ್ಕ್ಯಾನು ಇದ್ದವು.

ಎರಡನೇ ವರ್ಷದಲ್ಲಿ ಆಪರೇಟಿಂಗ್ ಸಿಸ್ಟಮ್ ಪಾಠದಲ್ಲಿ ಫೈಲ್ ಸಿಸ್ಟಮ್ ಬಂತು. ಬಿನ್ ಖಾಲಿ ಮಾಡಿದಾಗ ಆಗೋದು ಇಷ್ಟೇ: ಪುಸ್ತಕದ ಪರಿವಿಡಿಯಲ್ಲಿ ಆ ಪಾಠದ ಹೆಸರಿಗೆ ಗೀಟು ಎಳೆದು, ಈ ಪುಟಗಳ ಮೇಲೆ ಇನ್ನು ಬೇರೇನಾದರೂ ಬರೀಬಹುದು ಅಂತ ಗುರುತು ಹಾಕುತ್ತಾರೆ. ಪುಟ ಹರಿಯಲ್ಲ. ಹೊಸದು ಬರೆಯೋವರೆಗೂ ಹಳೇ ಅಕ್ಷರ ಅಲ್ಲೇ. ಪರೀಕ್ಷೆ ಮಾಡೋಣ ಅಂತ ಮನೆಯ ಇನ್ನೊಂದು ಹಳೇ ಹಾರ್ಡ್‌ಡಿಸ್ಕ್ ತಂದು, ಪುಕ್ಕಟೆ ಸಿಗೋ ಫೋಟೋರೆಕ್ ಅನ್ನೋ ತಂತ್ರಾಂಶ ಓಡಿಸಿದೆ. ಎಂದೋ ಡಿಲೀಟ್ ಮಾಡಿದ ಅಕ್ಕನ ನಿಶ್ಚಿತಾರ್ಥದ ಫೋಟೋಗಳು ಒಂದೊಂದಾಗಿ ಎದ್ದು ಬಂದವು. ಹಾಸ್ಟೆಲಿನಲ್ಲಿ ಪಕ್ಕದವರು "ಭಾರಿ ಐತಲೇ" ಅಂದರು. ನನಗೆ ಮಾತ್ರ ಗುಜರಿಗೆ ಹೋದ ಡೆಸ್ಕ್‌ಟಾಪ್ ನೆನಪಾಗಿ ಎದೆ ಧಸಕ್ಕೆಂದಿತು. ಆ ರೈತರ ಕಾಗದಗಳು ಈಗ ಯಾರ ಹತ್ತಿರ ಇವೆ? ಬಹುಶಃ ಯಾರ ಹತ್ತಿರಾನೂ ಇಲ್ಲ. ಆದರೆ "ಏನೂ ಇಲ್ಲ" ಅಂದಿದ್ದು ಸುಳ್ಳು. ಕಂಪ್ಯೂಟರ್ ಗೊತ್ತಿರೋ ಹುಡುಗ ಅಂತ ನಂಬಿದವರಿಗೆ ಹೇಳಿದ ಸುಳ್ಳು.

ಅದಕ್ಕೇ ಈಗ ಕೇಳಿದವರಿಗೆಲ್ಲ ಹೀಗೆ ಹೇಳ್ತೀನಿ. ಹಳೇ ಹಾರ್ಡ್‌ಡಿಸ್ಕ್ ಆದರೆ ಕ್ವಿಕ್ ಫಾರ್ಮ್ಯಾಟ್ ಸಾಲದು, ಪೂರ್ತಿ ಫಾರ್ಮ್ಯಾಟ್ ಕೊಡಿ. ಅದು ಡಿಸ್ಕ್ ತುಂಬ ಸೊನ್ನೆ ಬರೆಯುತ್ತೆ, ತಾಸುಗಟ್ಟಲೆ ಹಿಡಿಯುತ್ತೆ, ಹಿಡಿಯಲಿ. ವಿಂಡೋಸ್ 10, 11 ಇದ್ದರೆ ರೀಸೆಟ್ ಮಾಡುವಾಗ ಎಲ್ಲ ತೆಗೆ ಅನ್ನೋದರ ಜೊತೆ ಡ್ರೈವ್ ಸ್ವಚ್ಛ ಮಾಡು ಅನ್ನೋದನ್ನೂ ಆರಿಸಿ. ಎಸ್ಎಸ್‌ಡಿಯ ಕಥೆ ಬೇರೆ. ಡಿಲೀಟ್ ಆದ ಜಾಗವನ್ನು ಸಾಮಾನ್ಯವಾಗಿ ಅದೇ ಒಳಗೊಳಗೆ ಅಳಿಸುತ್ತೆ. ಅಂದರೆ ತಪ್ಪಿ ಡಿಲೀಟ್ ಆಗಿದ್ದು ವಾಪಸ್ ಸಿಗೋದು ಕಷ್ಟ. ಆದರೂ ಮಾರುವಾಗ ರೀಸೆಟ್ ಬಿಡಬೇಡಿ. ಪೆನ್‌ಡ್ರೈವಿನಿಂದ ಡಿಲೀಟ್ ಮಾಡಿದ್ದು ಸಾಮಾನ್ಯವಾಗಿ ಬಿನ್ನಿಗೆ ಬರೋದೇ ಇಲ್ಲ, ಸೀದಾ ಹೋಗುತ್ತೆ. ಮೊಬೈಲ್ ಕೊಡುವಾಗ ಗೂಗಲ್ ಖಾತೆ ತೆಗೆದು, ಫ್ಯಾಕ್ಟರಿ ರೀಸೆಟ್ ಮಾಡಿ, ಸಿಮ್ಮನ್ನೂ ಮೆಮೊರಿ ಕಾರ್ಡನ್ನೂ ಮರೆಯದೆ ಹೊರಗೆ ತೆಗೀರಿ.

ಸೈಬರ್ ಸೆಂಟರಿನ ಬಗ್ಗೆ ಒಂದು ಮಾತು. ನಮ್ಮ ಐದೂ ತಾಲ್ಲೂಕಿನ ಹುಡುಗರು 371(ಜೆ) ಸರ್ಟಿಫಿಕೇಟು, ಜಾತಿ-ಆದಾಯ ಪ್ರಮಾಣಪತ್ರ, ಆಧಾರ್ ಇಷ್ಟನ್ನೂ ವಾಟ್ಸ್ಆ್ಯಪಿನಲ್ಲಿ ಸೈಬರಿನವರ ನಂಬರಿಗೆ ಕಳಿಸಿ ಪ್ರಿಂಟ್ ತೆಗೆಸಿದವರೇ. ಅವೆಲ್ಲ ಅಲ್ಲಿಯ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಸಾಲಾಗಿ ಕೂತಿರುತ್ತವೆ. ಅಂಗಡಿಯಣ್ಣನದು ತಪ್ಪಲ್ಲ, ಅವರಿಗೆ ದಿನಕ್ಕೆ ನೂರು ಜನ. ಕೆಲಸ ಮುಗಿದ ಮೇಲೆ "ಅಣ್ಣಾ, ನನ್ನ ಫೈಲ್ ಶಿಫ್ಟ್ ಡಿಲೀಟ್ ಮಾಡ್ರಿ" ಅಂತ ಕೇಳೋಕೆ ನಾಚಿಕೆ ಬೇಡ. ಆಗ ಅದು ಬಿನ್ನಿಗೂ ಹೋಗದೆ ಪಟ್ಟಿಯಿಂದ ಅಳಿಯುತ್ತೆ. ಹುಡುಕಿ ತೆಗೆಯೋರು ತೆಗೆದಾರು, ಆದರೆ ನಿಮ್ಮ ನಂತರ ಬಂದು ಕೂತವರ ಕಣ್ಣಿಗಂತೂ ಬೀಳಲ್ಲ. ಪೂರ್ತಿ ನಂಬರ್ ಕೇಳದ ಕಡೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಕೊಡಿ.

"ನಾವು ಬ್ಯಾರೆ ಮಾಡಿ ಕೊಟ್ರೂ ಗಾಡಿಯವ್ರು ಒಟ್ಟಿಗೇ ಹಾಕ್ತಾರಲ್ಲ?"

ಇದು ಅವ್ವನ ಪ್ರಶ್ನೆ. ಹಡಗಲಿಯ ಗೆಳತಿಯ ಮನೆಯಲ್ಲೂ, ಹಗರಿಬೊಮ್ಮನಹಳ್ಳಿಯ ರೂಮ್‌ಮೇಟ್ ಮನೆಯಲ್ಲೂ ಇದೇ ಪ್ರಶ್ನೆ. ನಾನೂ ಕಣ್ಣಾರೆ ನೋಡಿದ್ದೇನೆ, ಒಟ್ಟಿಗೇ ಸುರಿದದ್ದನ್ನು. ಹಸಿ, ಒಣ, ಅಪಾಯಕಾರಿ ಅಂತ ಮನೆಯಲ್ಲೇ ಬೇರೆ ಮಾಡಬೇಕು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಬರೆದಿತ್ತು. ಬೇರೆ ಮಾಡಿದ್ದನ್ನು ಬೇರೆಯಾಗೇ ಒಯ್ಯೋದು ಪಂಚಾಯ್ತಿ, ಪುರಸಭೆಗಳ ಕೆಲಸ, ಅದನ್ನು ಕೇಳಲೇಬೇಕು. ಆದರೆ "ಅವರು ಮಾಡಲ್ಲ, ಅದಕ್ಕೆ ನಾವೂ ಮಾಡಲ್ಲ" ಅನ್ನೋ ಮಾತು ನನಗೆ ಒಪ್ಪಿಗೆ ಇಲ್ಲ. ಯಾಕಂದ್ರೆ ಕಸಕ್ಕೆ ರೀಸ್ಟೋರ್ ಬಟನ್ ಇಲ್ಲ. ಒಣ ರಟ್ಟಿನ ಮೇಲೆ ಸಾರು ಚೆಲ್ಲಿದ ಮೇಲೆ ಅದನ್ನು ಯಾವ ಗುಜರಿಯವನೂ ಮುಟ್ಟಲ್ಲ.

ಬೇರೆ ಮಾಡೋದು ಕೊನೆಗೆ ಯಾರ ಕೈ ಅಂತಲೂ ನೋಡಬೇಕು. ಗ್ರಾಮ ಪಂಚಾಯ್ತಿಗಳ ಸ್ವಚ್ಛ ವಾಹಿನಿ ಗಾಡಿಗಳಲ್ಲಿ ದುಡಿಯೋರು ಸ್ವಸಹಾಯ ಸಂಘದ ಹೆಣ್ಣುಮಕ್ಕಳು, ನಮ್ಮ ಅಕ್ಕ, ಅತ್ತಿಯಂಥವರು. ನಾವು ಬೇರೆ ಮಾಡದ ಪ್ಯಾಡು, ಡೈಪರು, ಒಡೆದ ಬಲ್ಬು ಅವರ ಕೈಗೇ ಬರೋದು. ಪೇಪರಿನಲ್ಲಿ ಸುತ್ತಿ, ಗುರುತು ಹಾಕಿ, ಬೇರೆ ಕೊಡೋಕೆ ನಮಗೆ ಒಂದು ನಿಮಿಷ ಸಾಕು.

ಏನು ಹೋಗುತ್ತೆ, ಏನು ಹೋಗಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. ಹಾಲಿನ ಪಾಕೀಟು ತೊಳೆದು ಒಣಗಿಸಿದರೆ ಹೋಗುತ್ತೆ. ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ, ಆ ಚೂರು ಯಾರ ಕೈಗೂ ಸಿಗದೆ ಚರಂಡಿ ಸೇರುತ್ತೆ. ರಟ್ಟು, ಪೇಪರು, ಬಾಟಲಿ, ತಗಡು ಹೋಗುತ್ತೆ. ಎಣ್ಣೆ ಕುಡಿದ ಮಿರ್ಚಿ ಮಂಡಕ್ಕಿ ಪೇಪರು ರೀಸೈಕಲ್‌ಗೆ ಹೋಗಲ್ಲ. ಚಹಾದ ಪೇಪರ್ ಕಪ್ಪು ಹೆಸರಿಗೆ ಪೇಪರು, ಒಳಗೆ ಪ್ಲಾಸ್ಟಿಕ್ ಪದರ ಇರುತ್ತೆ. ಚಿಪ್ಸ್, ಗುಟ್ಕಾ ಚೀಟಿಯಲ್ಲಿ ಪ್ಲಾಸ್ಟಿಕ್ಕೂ ಲೋಹವೂ ಪದರ ಪದರವಾಗಿ ಅಂಟಿರೋದರಿಂದ ಗುಜರಿಯವರು ಕಾಸು ಕೊಡಲ್ಲ.

ಹಾಗೆ ಹೋಗದೇ ಉಳಿದಿದ್ದು ಎಲ್ಲಿ ಸೇರುತ್ತೆ? ತಿಪ್ಪೆಗೆ. ತಿಪ್ಪೆಯಿಂದ ಹೊಲಕ್ಕೆ. ನಮ್ಮ ಹೊಲದಲ್ಲಿ ಶೇಂಗಾ ಕೀಳುವಾಗ ಬೇರಿನ ಜೊತೆ ಗುಟ್ಕಾ ಚೀಟಿ ಬರುತ್ತೆ. ಅಜ್ಜನ ಕಾಲದಲ್ಲಿ ಮಣ್ಣಿಗೆ ಜೀವ ಕೊಡುತ್ತಿದ್ದ ಗೊಬ್ಬರ ಈಗ ಪ್ಲಾಸ್ಟಿಕ್ ಹೊತ್ತು ಬರುತ್ತಿದೆ. ಕೊಟ್ಟೂರೇಶ್ವರನ ತೇರಿಗೆ ಪಾದಯಾತ್ರೆ ಬರೋರಿಗೆ ದಾರಿಯುದ್ದಕ್ಕೂ ಅನ್ನ, ನೀರು ಕೊಡೋದು ನಮ್ಮ ಕಡೆಯ ದೊಡ್ಡ ಗುಣ. ಆದರೆ ಮರುದಿನ ಆ ತಟ್ಟೆ, ಲೋಟ ಗಾಳಿಗೆ ಹಾರಿ ರಸ್ತೆ ಪಕ್ಕದ ಹೊಲ ಸೇರಿರುತ್ತವೆ. ಪುಣ್ಯ ನಮ್ಮದು, ಕಸ ಆ ಹೊಲದ ರೈತಂದು. ಬೆಂಗಳೂರೂ ಹೀಗೇ ಮಾಡಿತು. ವರ್ಷಗಟ್ಟಲೆ ಕಸ ಮಂಡೂರಿಗೆ ಹೋಯಿತು, 2014ರಲ್ಲಿ ಆ ಊರಿನವರು ಬೀದಿಗಿಳಿದ ಮೇಲೆಯೇ ನಗರಕ್ಕೆ ಎಚ್ಚರವಾದದ್ದು. ನಮ್ಮ ರೀಸೈಕಲ್ ಬಿನ್ ಅಂದುಕೊಂಡ ಜಾಗ ಇನ್ನೊಬ್ಬರ ಊರಾಗಿತ್ತು.

"ಹಾಳಾದ ಕಂಪ್ಯೂಟರ್ ಯಾರಿಗೆ ಕೊಡ್ಲಿ?"

ಮನೆಯ ಕಸ, ಕಂಪ್ಯೂಟರಿನ ಕಸ ಎರಡೂ ಒಂದಾಗೋ ಜಾಗ ಇದು. ತೂಕಕ್ಕೆ ಕೊಟ್ಟ ಮಾನಿಟರು, ವೈರು, ಬೋರ್ಡು ಮುಂದೆ ಏನಾಗುತ್ತೆ? ತಾಮ್ರಕ್ಕಾಗಿ ವೈರು ಸುಡ್ತಾರೆ, ಆ ಹೊಗೆ ಸುಡುವವರ ಎದೆಗೇ ಹೋಗುತ್ತೆ. ಹಳೇ ದಪ್ಪ ಮಾನಿಟರಿನ ಗಾಜಿನಲ್ಲಿ ಸೀಸ ಇರುತ್ತೆ. ಇದಕ್ಕೆ ಕಾನೂನು ಇದೆ. 2023ರ ಏಪ್ರಿಲ್ 1ರಿಂದ ಜಾರಿಯಾದ ಇ-ತ್ಯಾಜ್ಯ ನಿಯಮದ ಪ್ರಕಾರ ಹಳೇದು ಸರಿಯಾಗಿ ರೀಸೈಕಲ್ ಆಗುವಂತೆ ನೋಡಿಕೊಳ್ಳೋದು ತಯಾರು ಮಾಡಿದ ಕಂಪನಿಯ ಜವಾಬ್ದಾರಿ. ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಘಟಕಗಳಲ್ಲಿ ಒಂದಾದ ಇ-ಪರಿಸರ ಇರೋದು ನಮ್ಮ ಕರ್ನಾಟಕದ ದಾಬಸ್‌ಪೇಟೆಯಲ್ಲೇ. ಆದರೆ ಒಂದು ಕೀಬೋರ್ಡು ಹಿಡ್ಕೊಂಡು ಕೂಡ್ಲಿಗಿಯಿಂದ ಅಲ್ಲಿಗೆ ಯಾರು ಹೋಗ್ತಾರೆ?

ಇಲ್ಲೇ ನನ್ನ ಅಭಿಪ್ರಾಯ ಹೇಳೋದು. ಒಂದೊಂದೇ ಸಾಮಾನಿಗೆ ಯಾರೂ ಬರಲ್ಲ. ಒಂದು ಟೆಂಪೋ ತುಂಬಾ ಕೂಡಿಸಿದರೆ ಅಧಿಕೃತ ಘಟಕದವರನ್ನು ಕರೆಯಬಹುದು. ಆ ಕೂಡಿಸೋ ಕೆಲಸ ನಮ್ಮ ಕಾಲೇಜು ಮಾಡಲಿ. ವರ್ಷಕ್ಕೆ ಎರಡು ಸಲ, ದೀಪಾವಳಿ ಮತ್ತು ಯುಗಾದಿಯ ರಜೆ ಮುಗಿದ ವಾರ, ಐದೂ ತಾಲ್ಲೂಕಿನ ಹುಡುಗರು ಊರಿಂದ ಬರುವಾಗ ಮನೆಯ ಸತ್ತ ಮೊಬೈಲು, ಚಾರ್ಜರು, ಹಾರ್ಡ್‌ಡಿಸ್ಕ್ ತರಲಿ. ಊದಿದ ಬ್ಯಾಟರಿಯನ್ನು ಮಾತ್ರ ಬ್ಯಾಗಿಗೆ ಹಾಕಬೇಡಿ, ಅದು ಬೆಂಕಿ ಹೊತ್ತಿಕೊಳ್ಳೋ ವಸ್ತು. ಲ್ಯಾಬಿನಲ್ಲಿ ಒಂದು ಟೇಬಲ್ ಹಾಕೋಣ. ಮೊದಲು ಡಿಸ್ಕ್ ಪೂರ್ತಿ ಅಳಿಸೋದು, ಆಮೇಲೆ ಪೆಟ್ಟಿಗೆಗೆ. ಅಳಿಸೋದು ಹೇಗೆ ಅಂತ ಒಂದು ಹಾಳೆಯನ್ನು ದೊಡ್ಡಪ್ಪನಿಗೂ ಅರ್ಥವಾಗೋ ಕನ್ನಡದಲ್ಲಿ ಕನ್ನಡ ಸಂಘ ಬರೆಯಲಿ. ರಾಜ್ಯೋತ್ಸವಕ್ಕೆ ಬಾವುಟದ ಜೊತೆ ಈ ಹಾಳೆಯನ್ನೂ ಹಂಚಿದರೆ ಕನ್ನಡಕ್ಕೆ ಏನೂ ಕಡಿಮೆಯಾಗಲ್ಲ.

ಮೊನ್ನೆ ದೊಡ್ಡಪ್ಪ ಫೋನ್ ಮಾಡಿ, ಆ ಹಳೇ ಡೆಸ್ಕ್‌ಟಾಪ್ ವಿಷಯ ನಾನೇ ಹೇಳಿದ ಮೇಲೆ, ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಹೋಗ್ಲಿ ಬಿಡು ತಮ್ಮಾ. ಆದ್ರ ಇನ್ನೊಬ್ರಿಗೆ ಸರಿಯಾಗಿ ಹೇಳು."

ಅದಕ್ಕೇ ಇದನ್ನು ಬರೆದೆ.