ಹಿಂಗೋಲಿಯ ಲೈಗೋ ಇನ್ನೂ ತಡವಾಗಬಾರದು

ಸೂರ್ಯನ ಸುಮಾರು 36 ಪಟ್ಟು ಮತ್ತು 29 ಪಟ್ಟು ದ್ರವ್ಯರಾಶಿಯ ಎರಡು ಕಪ್ಪುಕುಳಿಗಳು ಒಂದಾದಾಗ ಉಳಿದದ್ದು 62 ಪಟ್ಟು ಮಾತ್ರ. ಮೂರು ಸೂರ್ಯರಷ್ಟು ದ್ರವ್ಯರಾಶಿ ಕ್ಷಣಾರ್ಧದಲ್ಲಿ ಗುರುತ್ವ ಅಲೆಗಳ ಶಕ್ತಿಯಾಗಿ ಹೊರಬಿದ್ದಿತ್ತು. ನೂರು ಕೋಟಿಗೂ ಹೆಚ್ಚು ವರ್ಷ ಸಾಗಿ ಬಂದ ಆ ಅಲೆ 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ವೀಕ್ಷಣಾಲಯಗಳ 4 ಕಿಲೋಮೀಟರ್ ಉದ್ದದ ತೋಳುಗಳಲ್ಲಿ ಪ್ರೋಟಾನಿನ ವ್ಯಾಸಕ್ಕಿಂತಲೂ ಎಷ್ಟೋ ಚಿಕ್ಕದಾದ ವ್ಯತ್ಯಾಸ ಉಂಟುಮಾಡಿತು. ಕದಡಿದ ಕಪ್ಪುಕುಳಿ ಹೇಗೆ ಕಂಪಿಸುತ್ತಾ ಶಾಂತವಾಗುತ್ತದೆ ಎಂಬುದನ್ನು ಬೆಂಗಳೂರಿನ ಭೌತವಿಜ್ಞಾನಿ ಸಿ.ವಿ. ವಿಶ್ವೇಶ್ವರ 1970ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಇಷ್ಟು ಮುಂಚೆಯೇ ಯೋಚಿಸಿದ ದೇಶ ಅಳೆಯುವ ಕೆಲಸದಲ್ಲಿ ಹಿಂದುಳಿಯಬಾರದು.

ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಇಂಥದೇ ವೀಕ್ಷಣಾಲಯ ಕಟ್ಟುವ ಲೈಗೋ-ಇಂಡಿಯಾ ಯೋಜನೆಗೆ 2016ರಲ್ಲಿ ತಾತ್ವಿಕ ಒಪ್ಪಿಗೆ ಸಿಕ್ಕರೂ ಸುಮಾರು 2,600 ಕೋಟಿ ರೂಪಾಯಿಯ ಮಂಜೂರಾತಿ ಬಂದದ್ದು 2023ರಲ್ಲಿ. ಶಾಲೆ, ಆಸ್ಪತ್ರೆಗಳಿಗೇ ಹಣ ಸಾಲದಿರುವಾಗ ಇದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಈ ವೆಚ್ಚ ಹಲವು ವರ್ಷಗಳಿಗೆ ಹಂಚಿಹೋಗುತ್ತದೆ. ಲೇಸರ್, ನಿರ್ವಾತ ತಂತ್ರಜ್ಞಾನ, ಕಂಪನ ನಿಯಂತ್ರಣಗಳ ಪರಿಣತಿ ಇಲ್ಲಿನ ಉದ್ಯಮಕ್ಕೂ ದಕ್ಕುತ್ತದೆ. ವಿದೇಶಗಳಲ್ಲಿ ಇರುವುದೇ ಸಾಕು ಎನ್ನುವವರು 2017ರ ಆಗಸ್ಟ್ ನೆನೆಯಲಿ. ಇಟಲಿಯ ವರ್ಗೋ ವೀಕ್ಷಣಾಲಯ ಲೈಗೋ ಜೊತೆಗೂಡಿದ್ದರಿಂದಲೇ ಹುಡುಕಬೇಕಾದ ಆಕಾಶದ ಭಾಗ ಕಿರಿದಾಯಿತು; ಎರಡು ನ್ಯೂಟ್ರಾನ್ ನಕ್ಷತ್ರಗಳ ವಿಲೀನದ ಬೆಳಕನ್ನು ದೂರದರ್ಶಕಗಳು ಕೆಲವೇ ಗಂಟೆಗಳಲ್ಲಿ ಹಿಡಿದವು. ಚಿನ್ನದಂಥ ಭಾರ ಧಾತುಗಳು ಎಲ್ಲಿ ಹುಟ್ಟುತ್ತವೆ ಎಂಬುದಕ್ಕೆ ಬಲವಾದ ಪುರಾವೆ ಸಿಕ್ಕಿದ್ದು ಹಾಗೆ. ಭೂಮಿಯ ಈ ಭಾಗದಲ್ಲೊಂದು ಕೇಂದ್ರವಿದ್ದರೆ ಅಲೆಯ ಮೂಲವನ್ನು ಇನ್ನಷ್ಟು ನಿಖರವಾಗಿ ಗುರುತಿಸಬಹುದು. ಮಂಜೂರಾದ ಹಣ ಕಾಲಕಾಲಕ್ಕೆ ಬಿಡುಗಡೆಯಾಗಲಿ, ಕಾಮಗಾರಿಯ ಪ್ರಗತಿ ಪ್ರತಿವರ್ಷ ಸಂಸತ್ತಿನ ಮುಂದೆ ಬರಲಿ.