ಅಗ್ಗದ ಗಜನಿ, ದುಬಾರಿ ನಿವೇಶನ

ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು 2020ರಲ್ಲಿ ರದ್ದಾದ ಮೇಲೆ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾಗಿದೆ. ಕಾರವಾರದ ನೌಕಾನೆಲೆ, ಅಂಕೋಲೆಯ ಅಲಗೇರಿಯಲ್ಲಿ ಯೋಜಿತವಾದ ವಿಮಾನ ನಿಲ್ದಾಣಗಳ ಹೆಸರು ಹೇಳಿ ದಲ್ಲಾಳಿ ಅಗ್ಗದ ಗಜನಿ ತೋರಿಸಿದರೆ, ಮೊದಲ ಬಾರಿ ಭೂಮಿಗೆ ಹಣ ಹೂಡುವವರು ತುಸು ತಡೆಯಬೇಕು. ಗಜನಿಯೆಂದರೆ ಕಡಲ ಭರತದ ಉಪ್ಪುನೀರು ನುಗ್ಗುವ, ಕಗ್ಗದಂಥ ಉಪ್ಪು ತಾಳುವ ಭತ್ತ ಬೆಳೆಯುವ ತಗ್ಗು. ಗುಡ್ಡ ಬಗೆದು ತಂದ ಮಣ್ಣು ತುಂಬಿದರೆ ನಿವೇಶನದಂತೆ ಕಂಡೀತು. ಅಲ್ಲಿ ನಿಲ್ಲುತ್ತಿದ್ದ ಮಳೆನೀರು ಮಾತ್ರ ನೆರೆಯವರ ಗದ್ದೆ, ಬಾವಿಗಳತ್ತ ಹೊರಳುತ್ತದೆ. ಕರಾವಳಿ ನಿಯಂತ್ರಣ ವಲಯದೊಳಗಿದ್ದರೆ ಪರವಾನಿಗೆ ದೊರೆಯದೆ ಹಣವೂ ಅಲ್ಲೇ ಹೂತುಹೋಗಬಹುದು. ಮುಂಗಡ ಕೊಡುವ ಮುನ್ನ ಪಹಣಿ, ಋಣಭಾರ ಪತ್ರ, ವಲಯ ನಕ್ಷೆ ನೋಡಿರಿ. ಸೊಪ್ಪಿನಬೆಟ್ಟವನ್ನೂ ಸೇರಿಸಿ ಮಾರುವವರಿದ್ದಾರೆ. ಅದರ ಮೇಲಿರುವುದು ಸವಲತ್ತಷ್ಟೇ, ಒಡೆತನವಲ್ಲ. ಹುಣ್ಣಿಮೆಯ ಭರತದ ಹೊತ್ತಿಗೆ ಸ್ಥಳದಲ್ಲೇ ನಿಂತು ನೋಡಿದರೆ, ಪಹಣಿಯಲ್ಲಿ ಬರೆಯದ್ದೂ ಕಾಣುತ್ತದೆ.