ಸುದ್ದಿಗೂ ಕಾಲವುಂಟು

ತೊಗರಿಯನ್ನು ಮಾರಲು ಹೊರಟ ಮೋರಟಗಿಯ ರೈತನು ಕಳೆದ ತಿಂಗಳ ಧಾರಣೆಯನ್ನು ನಂಬಿ ಚೀಲಗಳನ್ನು ಹೇರುವುದಿಲ್ಲ. ಅಂದಿನ ಧಾರಣೆಯನ್ನು ವಿಚಾರಿಸಿಯೇ ಪೇಟೆಯ ದಾರಿ ಹಿಡಿಯುತ್ತಾನೆ. ಸುದ್ದಿಯನ್ನು ಓದುವವರಿಗೂ ಈ ಎಚ್ಚರ ಅವಶ್ಯಕ. ತೀವ್ರಗತಿಯಲ್ಲಿ ಬದಲಾಗುವ ನಿಸ್ತಂತು ಸಂಪರ್ಕದ ವಿಷಯದಲ್ಲಂತೂ ಅದು ಅನಿವಾರ್ಯ.

ತಂತಿಯ ನೆರವಿಲ್ಲದೆ ಮಾತನ್ನೂ ಮಾಹಿತಿಯನ್ನೂ ಸಾಗಿಸುವ ಯಂತ್ರಗಳು ಪರಸ್ಪರ ಹೊಂದಿಕೊಂಡು ಕೆಲಸ ಮಾಡಬೇಕಾದರೆ ಅವೆಲ್ಲಕ್ಕೂ ಸಮಾನವಾದ ನಿಯಮಾವಳಿಯೊಂದು ಇರಬೇಕು. ಅದಕ್ಕೆ ಮಾನಕವೆಂದು ಹೆಸರು. ಒಂದೇ ಉದ್ದೇಶಕ್ಕೆ ಎರಡು ಮಾನಕಗಳು ಹುಟ್ಟಿದಾಗ ಅವುಗಳ ನಡುವೆ ಸ್ಪರ್ಧೆ ಏರ್ಪಡುತ್ತದೆ. ವೈಮ್ಯಾಕ್ಸ್ ಮತ್ತು ಎಲ್‌ಟಿಇ ಎಂಬ ಮಾನಕಗಳ ನಡುವೆ ನಡೆದುದು ಅಂತಹ ಸ್ಪರ್ಧೆ. ಬೆಂಗಳೂರು ಇವೆರಡನ್ನೂ ಕಂಡ ನಗರ.

2008ರಲ್ಲಿ ಟಾಟಾ ಕಮ್ಯುನಿಕೇಷನ್ಸ್ ಸಂಸ್ಥೆಯು ಅಲ್ಲಿ ವೈಮ್ಯಾಕ್ಸ್ ಸೇವೆಯನ್ನು ಆರಂಭಿಸಿತು. ಎಲ್‌ಟಿಇಯ ಮೊದಲ ಸಾರ್ವಜನಿಕ ಸೇವೆಯು ಸ್ಟಾಕ್‌ಹೋಮ್ ಹಾಗೂ ಓಸ್ಲೋ ನಗರಗಳಲ್ಲಿ ಪ್ರಾರಂಭವಾದುದು 2009ರ ಡಿಸೆಂಬರಿನಲ್ಲಿ. ಮೊದಲು ಹೊರಟವನೇ ಮೊದಲು ಮುಟ್ಟುವನೆಂದು ಅಂದಿನ ಅನೇಕ ವರದಿಗಳು ಎಣಿಸಿದವು. ವೈಮ್ಯಾಕ್ಸ್ ಸಿದ್ಧವಾಗಿದೆ, ಎಲ್‌ಟಿಇ ಇನ್ನೂ ಕಾಗದದ ಮೇಲಿದೆ ಎಂಬ ಮಾತು ಬರೆದ ದಿನಕ್ಕೆ ಬಹುಮಟ್ಟಿಗೆ ನಿಜವೇ ಆಗಿತ್ತು. ಆದರೆ ಕಾಗದದ ಮೇಲಿದ್ದುದು ಗೋಪುರವನ್ನೇರಿದ ಮೇಲೂ ಅದನ್ನೇ ಪುನರುಚ್ಚರಿಸಿದರೆ ನಿಜವೂ ಸುಳ್ಳಾಗುತ್ತದೆ.

ಇಂತಹ ವರದಿಗಳು ತೂಗಿ ನೋಡದೆ ಬಿಟ್ಟ ಸಂಗತಿಯೊಂದಿತ್ತು. ಜಗತ್ತಿನ ಬಹುಪಾಲು ಮೊಬೈಲ್ ಸಂಸ್ಥೆಗಳು ಜಿಎಸ್‌ಎಂ ಪರಂಪರೆಗೆ ಸೇರಿದ್ದವು. ಎಲ್‌ಟಿಇ ಆ ಪರಂಪರೆಯ ಮುಂದಿನ ಮೆಟ್ಟಿಲು. ಒಂದು ಮಾನಕವನ್ನು ಒಪ್ಪುವವರು ಹೆಚ್ಚಿದಂತೆ ಅದರ ಉಪಕರಣಗಳು ಹೆಚ್ಚುತ್ತವೆ, ಬೆಲೆ ಇಳಿಯುತ್ತದೆ. ಅಮೆರಿಕದಲ್ಲಿ ವೈಮ್ಯಾಕ್ಸನ್ನು ಎತ್ತಿಹಿಡಿದಿದ್ದ ಸ್ಪ್ರಿಂಟ್ ಸಂಸ್ಥೆಯೇ 2011ರಲ್ಲಿ ಎಲ್‌ಟಿಇಯತ್ತ ಹೊರಳುವ ನಿರ್ಧಾರವನ್ನು ಪ್ರಕಟಿಸಿತು. 2010ರ ಹರಾಜಿನಲ್ಲಿ ಕರ್ನಾಟಕದ ತರಂಗಾಂತರವನ್ನು ಪಡೆದಿದ್ದ ಏರ್‌ಟೆಲ್ 2012ರ ಮೇ ತಿಂಗಳಲ್ಲಿ ಬೆಂಗಳೂರಿಗೆ ತಂದುದು ಎಲ್‌ಟಿಇ ಸೇವೆಯನ್ನೇ. ಇಂದು ನಮ್ಮ ದೇಶದಲ್ಲಿ ‘4ಜಿ’ ಎಂದು ಕರೆಯುವುದು ಅದನ್ನೇ.

ಇಲ್ಲಿ ತಪ್ಪು ಎಣಿಕೆಗೆ ಬೆಲೆ ತೆರಬೇಕಾಗುತ್ತದೆ. ಹಳೆಯ ವರದಿಯನ್ನು ನಂಬಿ ಸಾಧನವನ್ನು ಕೊಂಡ ಗ್ರಾಹಕನ ಹಣ ವ್ಯರ್ಥವಾಗುತ್ತದೆ. ಅದನ್ನೇ ನಂಬಿ ಜಾಲವನ್ನು ಹರಡಿದ ಸಂಸ್ಥೆಯಾದರೋ ಗೋಪುರಗಳ ಉಪಕರಣಗಳನ್ನೇ ಬದಲಿಸಬೇಕಾಗುತ್ತದೆ.

ಹಾಗೆಂದು ಹಳೆಯ ವರದಿಗಳನ್ನು ಎಸೆಯಬೇಕಾಗಿಲ್ಲ. ಜನರು ಆಗ ಏನನ್ನು ನಿರೀಕ್ಷಿಸಿದ್ದರೆಂಬುದಕ್ಕೆ ಅವು ಸಾಕ್ಷಿ. ಆದರೆ ಇಂದು ಅಂಗೈಯಗಲದ ಪರದೆಯ ಮೇಲೆ ಹದಿನೈದು ವರ್ಷದ ಹಿಂದಿನ ಸುದ್ದಿಯೂ ಈ ದಿನದ ಸುದ್ದಿಯೂ ಒಂದೇ ಬಣ್ಣದಲ್ಲಿ ಅಕ್ಕಪಕ್ಕ ಕಾಣಿಸಿಕೊಳ್ಳುತ್ತವೆ. ಆದುದರಿಂದ ವರದಿಗಾರನು ಹಿಂದೆ ಬರೆದುದನ್ನು ಮತ್ತೆ ಪರೀಕ್ಷಿಸಬೇಕು. ಓದುಗನು ಶೀರ್ಷಿಕೆಗಿಂತ ಮೊದಲು ದಿನಾಂಕವನ್ನು ನೋಡಬೇಕು.